ವೈನಿಗೂ ಒಂದು ರಾಹುಕಾಲ

"ಆರು ಗಂಟೆ ಕಳೀಲಿ, ಆಮೇಲೆ ತೆಗೀರಿ. ಈಗ ರಾಹುಕಾಲ."

ಅಡುಗೆಮನೆಯಿಂದ ಗೆಳೆಯನ ಅಮ್ಮ ಹೀಗೆ ಹೇಳಿದಾಗ ಹಾಲ್‌ನಲ್ಲಿ ಕೂತಿದ್ದ ನಾವು ಆರೂ ಜನ ನಕ್ಕುಬಿಟ್ಟೆವು. ಭಾನುವಾರ, ಸಂಜೆ ಐದೂವರೆ. ಬೆಂಗಳೂರಿನ ಏಪ್ರಿಲ್ ಸೆಕೆ. ಟೀಪಾಯಿಯ ಮೇಲೆ ಯುರೋಪಿನ ಐದು ಬಾಟಲಿಗಳು ಸಾಲಾಗಿ ನಿಂತಿದ್ದವು. "ಅಮ್ಮ, ಇದು ಗೃಹಪ್ರವೇಶ ಅಲ್ಲ, ವೈನು" ಅಂದ ಮಗ. ಕಾರ್ಕ್ 'ಟಪ್' ಅಂತ ಬಂತು. ಅಮ್ಮ ಮತ್ತೇನೂ ಹೇಳಲಿಲ್ಲ. ತೀರ್ಥಹಳ್ಳಿ ಕಡೆಯವರು, ಮಗನ ಮನೆಯಲ್ಲಿ ಎರಡು ತಿಂಗಳಿಗೆ ಅಂತ ಬಂದವರು, ಮಿರ್ಚಿ ಬಜ್ಜಿ ಕರಿಯುವ ಕೆಲಸ ಮುಂದುವರಿಸಿದರು.

ಆ ಐದು ಬಾಟಲಿಗೆ ಒಂದು ಇತಿಹಾಸವಿದೆ. ಎರಡು ವರ್ಷದ ಹಿಂದೆ ಗಂಡ ಹೆಂಡತಿ ಯುರೋಪ್ ಪ್ರವಾಸ ಹೋಗಿದ್ದರು. ವಿಮಾನದಲ್ಲಿ ಬರುವಾಗ ದೊಡ್ಡವರು ತಲಾ 2 ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು. ಇಬ್ಬರಿಗೆ 4 ಲೀಟರ್. 750 ಮಿಲಿಯ ಬಾಟಲಿ ಐದಾದರೆ ಮೂರೂಮುಕ್ಕಾಲು ಲೀಟರ್, ಲೆಕ್ಕ ಸರಿ. ಆಗ ಆಮದು ವೈನಿನ ಮೇಲಿನ ಕಸ್ಟಮ್ಸ್ ಸುಂಕವೇ ಶೇಕಡಾ 150 ಇದ್ದದ್ದರಿಂದ ಸೀರೆಗಳ ನಡುವೆ ಸುತ್ತಿ ತಂದ ಆ ಐದು ಬಾಟಲಿ ಐದು ಒಡವೆಗಳ ಹಾಗೆ. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್, ಫ್ರಾನ್ಸಿನ ಶಾಬ್ಲಿ, ಬರ್ಗಂಡಿಯ ಪಿನೋ ನ್ವಾರ್, ಸ್ಪೇನಿನ ರಿಯೋಹಾ, ಇಟಲಿಯ ಬರೋಲೋ. ಒಳ್ಳೆಯ ದಿನ ಬರಲಿ, ಎಲ್ಲರೂ ಸೇರಿದಾಗ ತೆಗೆಯೋಣ ಅಂತ ಕಾದಿದ್ದರು. ಆ ಒಳ್ಳೆಯ ದಿನವೇ ಈ ಭಾನುವಾರ.

ಆದದ್ದೇನು? ಐದಕ್ಕೆ ಐದೂ ಸಪ್ಪೆ. ರೀಸ್ಲಿಂಗ್ ಬಾಯಿಗೆ ಹೋಗುವ ಮೊದಲೇ ಒಬ್ಬ "ಸೀಮೆಎಣ್ಣೆ ವಾಸನೆ ಕಣೋ" ಅಂದ. ಶಾಬ್ಲಿ ಬಿಳಿ ವೈನು ಅಂತ ಹೆಸರು, ಬಣ್ಣ ನೋಡಿದರೆ ಜೋನಿಬೆಲ್ಲ ಕದಡಿದ ನೀರು. ಪಿನೋ ನ್ವಾರ್‌ನಲ್ಲಿ ಹಣ್ಣೂ ಇಲ್ಲ, ಹೂವೂ ಇಲ್ಲ. ರಿಯೋಹಾ ಗಂಟಲಲ್ಲಿ ಉರಿ ಎಬ್ಬಿಸಿತು. ಬರೋಲೋ ಕುಡಿದವರು ನಾಲಿಗೆಯನ್ನು ಅಂಗಳಕ್ಕೆ ಒತ್ತಿ ಒತ್ತಿ ನೋಡಿಕೊಂಡರು. ಆದರೆ 'ಚೆನ್ನಾಗಿಲ್ಲ' ಅನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. "ಇಂಟರೆಸ್ಟಿಂಗ್" ಅಂದರು. "ಸ್ವಲ್ಪ ಕ್ಲೋಸ್ಡ್ ಇದೆ" ಅಂದರು. "ಇನ್ನೂ ಉಸಿರಾಡಬೇಕು" ಅಂದರು. ನಾನೂ ಅಂದೆ, ಸುಳ್ಳು ಯಾಕೆ ಹೇಳಲಿ.

ನಡುವೆ ಬಜ್ಜಿ ತಟ್ಟೆ ಇಡಲು ಬಂದ ಅಮ್ಮ ಪಿನೋ ನ್ವಾರ್ ಗ್ಲಾಸು ಪಕ್ಕಕ್ಕೆ ಸರಿಸುವಾಗ ಮೂಗು ಮುರಿದರು. "ಎಂತದೋ ಇದು? ಮಳೆಗಾಲದ ಗೋಣಿಚೀಲದ ವಾಸನೆ. ಮುಗ್ಗಲು ಹಿಡಿದದ್ದಾ?" ಮತ್ತೆ ಎಲ್ಲರೂ ನಕ್ಕರು. "ಅಮ್ಮ, ಅದು ಬರ್ಗಂಡಿ! ಅದಕ್ಕೆ ಅರ್ತಿ ಅಂತಾರೆ, ಮಣ್ಣಿನ ಗುಣ" ಅಂತ ನಮ್ಮಲ್ಲೊಬ್ಬ ವಿವರಿಸಿದ. ಸಂಜೆ ಎರಡನೇ ಬಾರಿ ಅಮ್ಮ ಸುಮ್ಮನಾದರು.

ಎಂಟು ಗಂಟೆಯ ಹೊತ್ತಿಗೆ ಮನೆಯ ಯಜಮಾನ ಫೋನ್ ತೆಗೆದ. ಮುಖ ಒಮ್ಮೆಲೇ ಅರಳಿತು. "ಅಯ್ಯೋ, ನೋಡೇ ಇರ್ಲಿಲ್ಲ ಕಣ್ರೋ! ಇವತ್ತು ರೂಟ್ ಡೇ. ಮೂನ್ ಇನ್ ವರ್ಗೋ. ರೂಟ್ ಡೇ ದಿನ ವೈನ್ ಓಪನ್ ಆಗೋದೇ ಇಲ್ಲ!" ಎಲ್ಲರಿಗೂ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ವೈನಿನ ತಪ್ಪಲ್ಲ, ನಮ್ಮ ತಪ್ಪಲ್ಲ, ಲೇಬಲ್ಲಿನ ತಪ್ಪಂತೂ ಅಲ್ಲವೇ ಅಲ್ಲ. ತಪ್ಪು ಚಂದ್ರನದು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದರು: "ಚಂದ್ರ ಕನ್ಯೆಲಿ ಇರೋದು ನಂಗೆ ಬೆಳಗ್ಗೇನೇ ಗೊತ್ತಿತ್ತಲ್ಲೋ, ಹಸ್ತಾ ನಕ್ಷತ್ರ. ಅದಕ್ಕೆ ಆಗಿಬರೋದಿಲ್ಲ ಅಂದ್ರೆ ಇವತ್ತೇ ಎಂತಕ್ಕೆ ಇಟ್ಕೊಂಡ್ರಿ?"

ಈ ಸಲ ಯಾರೂ ನಗಲಿಲ್ಲ.

ಈಗ ಈ 'ರೂಟ್ ಡೇ' ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 1924ರಲ್ಲಿ ಆಸ್ಟ್ರಿಯಾದ ರುಡಾಲ್ಫ್ ಸ್ಟೈನರ್ ಅನ್ನುವ ಚಿಂತಕ ಕೃಷಿಯ ಬಗ್ಗೆ ಕೆಲವು ಉಪನ್ಯಾಸ ಕೊಟ್ಟ. ಅದರಿಂದ ಹುಟ್ಟಿದ್ದು ಬಯೋಡೈನಮಿಕ್ ಬೇಸಾಯ. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಲ್ಲಿ ಹೂತಿಟ್ಟು, ಆಮೇಲೆ ತೆಗೆದು ನೀರಲ್ಲಿ ಕಲಕಿ ಹೊಲಕ್ಕೆ ಚಿಮುಕಿಸುವುದು ಅದರ ಹೆಸರುವಾಸಿ ಕ್ರಮ. ಮುಂದೆ ಜರ್ಮನಿಯ ಮರಿಯಾ ಥುನ್ ಅನ್ನುವ ಹೆಂಗಸು ಮೂಲಂಗಿ ಬಿತ್ತಿ ಬಿತ್ತಿ ನೋಡಿ, ಚಂದ್ರ ಯಾವ ನಕ್ಷತ್ರಪುಂಜದಲ್ಲಿ ಇದ್ದಾನೆ ಅನ್ನುವುದರ ಮೇಲೆ ಬಿತ್ತನೆಯ ಕ್ಯಾಲೆಂಡರ್ ಮಾಡಿದಳು. ವೃಷಭ, ಕನ್ಯಾ, ಮಕರದಲ್ಲಿದ್ದರೆ ಬೇರಿನ ದಿನ. ಕರ್ಕ, ವೃಶ್ಚಿಕ, ಮೀನದಲ್ಲಿದ್ದರೆ ಎಲೆಯ ದಿನ. ಮಿಥುನ, ತುಲಾ, ಕುಂಭ ಆದರೆ ಹೂವಿನ ದಿನ. ಮೇಷ, ಸಿಂಹ, ಧನು ಆದರೆ ಹಣ್ಣಿನ ದಿನ. ಕ್ಯಾರೆಟ್ ಯಾವಾಗ ಬಿತ್ತಬೇಕು, ಸೊಪ್ಪು ಯಾವಾಗ ಬಿತ್ತಬೇಕು ಅನ್ನೋದಕ್ಕೆ ಇದ್ದ ಈ ಪಟ್ಟಿಯನ್ನು ಆಮೇಲೆ ಯಾರೋ ಪುಣ್ಯಾತ್ಮರು ಗ್ಲಾಸಿಗೂ ಎಳೆದು ತಂದರು. ಹಣ್ಣಿನ ದಿನ, ಹೂವಿನ ದಿನ ವೈನ್ ಅರಳುತ್ತದಂತೆ. ಎಲೆ, ಬೇರಿನ ದಿನ ಮುದುಡುತ್ತದಂತೆ. ಇದಕ್ಕೆ ಪುಸ್ತಕ ಇದೆ, ಆ್ಯಪ್ ಇದೆ. ರುಚಿ ನೋಡುವ ಕೂಟಗಳ ದಿನವನ್ನು ಇದನ್ನು ನೋಡಿಯೇ ಗೊತ್ತುಮಾಡುವ ವ್ಯಾಪಾರಸ್ಥರೂ ಇದ್ದಾರೆ.

ಮೇಷ, ವೃಷಭ, ಮಿಥುನ! ಸ್ವಾಮಿ, ಇದು ಒಂಟಿಕೊಪ್ಪಲ್ ಪಂಚಾಂಗ ಅಲ್ಲದೆ ಮತ್ತೇನು? ಅಡುಗೆಮನೆಯ ಗೋಡೆಯಲ್ಲಿ ಮೊಳೆಗೆ ನೇತುಹಾಕಿದ್ದರೆ ಮೂಢನಂಬಿಕೆ, ಫೋನಿನೊಳಗೆ ಇಂಗ್ಲಿಷಿನಲ್ಲಿ ಬಂದರೆ ಕಾನಸರ್‌ಶಿಪ್ಪು. ಅಮ್ಮನ ರಾಹುಕಾಲಕ್ಕೆ ಐದೂವರೆಗೆ ನಕ್ಕವರು ಎಂಟು ಗಂಟೆಗೆ ಬೇರಿನ ದಿನಕ್ಕೆ ತಲೆಯಾಡಿಸಿದೆವು. ನಡುವೆ ಇದ್ದದ್ದು ಎರಡೂವರೆ ಗಂಟೆ.

ಇರಲಿ, ಹಾಸ್ಯ ಬಿಟ್ಟು ಮಾತಾಡೋಣ. ಇದನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಮಾಡಿದ್ದಾರೆ. ನ್ಯೂಜಿಲೆಂಡಿನಲ್ಲಿ 19 ಮಂದಿ ವೈನ್ ವೃತ್ತಿಯವರನ್ನು ಕೂರಿಸಿ, 12 ಪಿನೋ ನ್ವಾರ್ ವೈನುಗಳನ್ನು ಹಣ್ಣಿನ ದಿನವೂ ಬೇರಿನ ದಿನವೂ, ಯಾವ ವೈನು ಅಂತ ತಿಳಿಸದೆ ಕುಡಿಸಿ ನೋಡಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಹಣ್ಣಿನ ದಿನ ಚೆನ್ನ, ಬೇರಿನ ದಿನ ಕೆಟ್ಟದ್ದು ಅನ್ನುವುದಕ್ಕೆ ಏನೂ ಆಧಾರ ಸಿಗಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಈ ನಂಬಿಕೆ ಬೇರೆ ಕೆಲಸಕ್ಕೆ ಬರುತ್ತದೆ. ಅದು ಮುಜುಗರವನ್ನು ಮುಚ್ಚುತ್ತದೆ.

ಆ ರಾತ್ರಿ ನಿಜಕ್ಕೂ ಆದದ್ದೇನು ಅಂತ ಒಂದೊಂದಾಗಿ ನೋಡಿ. ಬಾಟಲಿಗಳು ಎರಡು ವರ್ಷ ಇದ್ದದ್ದು ಹಾಲ್‌ನ ಶೋಕೇಸಿನಲ್ಲಿ, ಪಶ್ಚಿಮದ ಕಿಟಕಿಯ ಎದುರು. ಎರಡು ಬೇಸಿಗೆಯ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಿದೆ. ವೈನನ್ನು ಕಾಪಾಡುವವರು ಅದನ್ನು 12, 13 ಡಿಗ್ರಿಯ ಕತ್ತಲಲ್ಲಿ, ಕಾರ್ಕ್ ಒಣಗದ ಹಾಗೆ ಮಲಗಿಸಿ ಇಡುತ್ತಾರೆ. ನಮ್ಮವು ಬಂದವರಿಗೆ ಕಾಣಲಿ ಅಂತ ಎದ್ದು ನಿಂತಿದ್ದವು. ಶಾಬ್ಲಿ ಕಂದಿದ್ದು ಅದಕ್ಕೆ. ಸೇಬು ಹೆಚ್ಚಿಟ್ಟರೆ ಹೇಗೆ ಕಂದುತ್ತದೋ ಹಾಗೇ, ಗಾಳಿ ತಾಗಿ.

ರಿಯೋಹಾ ಸುಟ್ಟಿದ್ದು ಯಾಕೆ? 'ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು' ಅಂತ ಯಾರೋ ಓದಿದ್ದರು. ಆ ರೂಮು ಯಾವ ಊರಿನದು? ಯುರೋಪಿನ ಕಲ್ಲಿನ ಮನೆಯ ರೂಮು, 16ರಿಂದ 18 ಡಿಗ್ರಿ. ಏಪ್ರಿಲ್ಲಿನ ಬೆಂಗಳೂರಿನಲ್ಲಿ ನಮ್ಮ ರೂಮು 28ರ ಮೇಲೆ. ಅಷ್ಟು ಬಿಸಿಗೆ ಮೊದಲು ಮೂಗಿಗೆ ಬರುವುದು ಆಲ್ಕೋಹಾಲಿನ ಘಾಟು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟಿದ್ದರೆ ಅದೇ ರಿಯೋಹಾ ಅಮೆರಿಕನ್ ಓಕ್ ಪೀಪಾಯಿ ಕೊಡುವ ಕೊಬ್ಬರಿಯ ಪರಿಮಳ ಕೊಡುತ್ತಿತ್ತೋ ಏನೋ. ಇನ್ನು ಬರೋಲೋ. ಅದು ಹುಟ್ಟಾ ಒಗರು, ವಯಸ್ಸಾದ ಮೇಲೆ ಪಳಗುವಂಥದ್ದು. ಅದರ ಜೊತೆಗೆ ನಾವು ತಿಂದದ್ದು ಮಿರ್ಚಿ ಬಜ್ಜಿ. ಖಾರದ ನಾಲಿಗೆಯ ಮೇಲೆ ಆಲ್ಕೋಹಾಲ್ ಇನ್ನಷ್ಟು ಉರಿಯುತ್ತದೆ, ಒಗರು ಇನ್ನಷ್ಟು ಕಟ್ಟುತ್ತದೆ. ಇದರಲ್ಲಿ ಕನ್ಯಾರಾಶಿಯ ಪಾತ್ರ ಎಲ್ಲಿ ಬಂತು?

ತಮಾಷೆ ಎಂದರೆ ರೀಸ್ಲಿಂಗ್ ಕೆಟ್ಟಿರಲಿಲ್ಲ. ವಯಸ್ಸಾದ ರೀಸ್ಲಿಂಗಿಗೆ ಸೀಮೆಎಣ್ಣೆಯ ವಾಸನೆ ಬರುವುದು ಅದರ ಜಾತಿಗುಣ. ಅದನ್ನೇ ಹುಡುಕಿಕೊಂಡು ಹೋಗಿ ಕುಡಿಯುವವರಿದ್ದಾರೆ. "ಸೀಮೆಎಣ್ಣೆ" ಅಂದ ನಮ್ಮ ಗೆಳೆಯ ಒಬ್ಬ ಪಳಗಿದ ವೈನ್ ಪಂಡಿತ ಹೇಳಬಹುದಾದ ಮಾತನ್ನೇ ಹೇಳಿದ್ದ. ಆದರೆ ಅಂದ ಕೂಡಲೇ ನಾಚಿಕೊಂಡು "ಸಾರಿ, ನಂಗೆ ಗೊತ್ತಾಗಲ್ಲಪ್ಪ" ಅಂತ ಸೇರಿಸಿದ.

ಉಳಿದದ್ದು ಪಿನೋ ನ್ವಾರ್. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಅದು ಕಾರ್ಕ್ ಕೆಡಿಸಿದ ವೈನು. ಮರಕ್ಕೋ ಕಾರ್ಕಿಗೋ ಸೇರಿದ ಕ್ಲೋರಿನ್ ಅಂಶದ ಮೇಲೆ ಬೂಷ್ಟು ಬೆಳೆದಾಗ ಹುಟ್ಟುವ ಟಿಸಿಎ ಅನ್ನುವ ರಾಸಾಯನಿಕ ಇದರ ಮೂಲ. ಸ್ವಿಟ್ಜರ್ಲೆಂಡಿನ ಹಾನ್ಸ್ ಟಾನರ್ 1980ರ ದಶಕದ ಆರಂಭದಲ್ಲಿ ಇದನ್ನು ಪತ್ತೆ ಮಾಡಿದ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಒಂದು ಲೀಟರಿಗೆ ಬಿದ್ದರೂ ಸಾಕು, ಮನುಷ್ಯನ ಮೂಗಿಗೆ ಗೊತ್ತಾಗುತ್ತದೆ. ಕುಡಿದರೆ ಆರೋಗ್ಯಕ್ಕೇನೂ ಆಗುವುದಿಲ್ಲ, ವೈನಿನ ಪರಿಮಳ ಮಾತ್ರ ಸತ್ತುಹೋಗುತ್ತದೆ. ಇಂಗ್ಲಿಷ್ ಪುಸ್ತಕಗಳು ಈ ವಾಸನೆಯನ್ನು ವರ್ಣಿಸಲು ನೆನೆದ ರಟ್ಟು, ಒದ್ದೆ ನಾಯಿ, ನೆಲಮಾಳಿಗೆ ಅಂತೆಲ್ಲ ಪರದಾಡುತ್ತವೆ. ಅಮ್ಮ ಒಂದೇ ಪದದಲ್ಲಿ ಮುಗಿಸಿದರು, ಮುಗ್ಗಲು. ಐವತ್ತು ಮಳೆಗಾಲ ಅಡಿಕೆ ಮೂಟೆಗಳಿಗೆ ಕೈಹಾಕಿ ಮೂಸಿ, ಇದು ಸರಿ ಇದು ಬೂಷ್ಟು ಅಂತ ಬೇರೆ ಮಾಡಿದ ಮೂಗು ಅದು. ಆ ಹಾಲ್‌ನಲ್ಲಿ ವೃತ್ತಿಪರ ಮೂಗು ಅಂತ ಇದ್ದದ್ದು ಅದೊಂದೇ. ಅದಕ್ಕೇ ನಾವು ನಕ್ಕಿದ್ದು.

ನನಗೆ ಸಿಟ್ಟು ಬರುವುದು ಇಲ್ಲಿ. ಕುಕ್ಕರಿನ ಸಾರಿಗೆ ಒಂದು ಕಲ್ಲು ಉಪ್ಪು ಹೆಚ್ಚಾದರೆ ನಾವು ಹೆಂಡತಿಗೆ ಹೇಳುತ್ತೇವೆ. ದರ್ಶಿನಿಯಲ್ಲಿ ಚಟ್ನಿ ಹಳಸಿದ್ದರೆ ಕೌಂಟರಿಗೆ ಹೋಗಿ ಗದರುತ್ತೇವೆ. ಕಾಫಿಗೆ ಚಿಕೋರಿ ಜಾಸ್ತಿಯಾಯಿತು ಅನ್ನುವುದು ನಮಗೆ ಮೊದಲ ಗುಟುಕಿಗೇ ಗೊತ್ತು. ಇಷ್ಟೆಲ್ಲ ತಿಳಿದ ನಾಲಿಗೆ ಫ್ರೆಂಚ್ ಲೇಬಲ್ಲಿನ ಮುಂದೆ ಮೂಕ! ಅದು ಕೆಟ್ಟಿದ್ದರೆ ಕೆಟ್ಟಿರುವುದು ನಾವೇ ಅನ್ನುವ ಹಾಗೆ ಕೂರುತ್ತೇವೆ. ನಮ್ಮ ನಂದಿ ಬೆಟ್ಟದ ತಪ್ಪಲಿನ ವೈನು ಒಂದು ದಿನ ಕೈಕೊಟ್ಟರೆ "ಇಂಡಿಯನ್ ಅಲ್ವಾ, ಇಷ್ಟೇ" ಅಂತ ತೀರ್ಪು ಕೊಡಲು ಒಂದು ನಿಮಿಷ ಬೇಡ. ಅದಕ್ಕೆ ಚಂದ್ರನ ರಿಯಾಯಿತಿ ಇಲ್ಲ. ಬೇರಿನ ದಿನ ಇರುವುದು ಯುರೋಪಿನ ಬಾಟಲಿಗೆ ಮಾತ್ರ.

ಕೆಲವು ವರ್ಷದ ಹಿಂದೆ ಒಂದು ದೊಡ್ಡ ಹೋಟೆಲಿನಲ್ಲಿ ನಾನೇ ಈ ಮೂಕತನಕ್ಕೆ ದುಡ್ಡು ತೆತ್ತಿದ್ದೇನೆ. ಟೈ ಕಟ್ಟಿದವನು ಒಂದು ಗುಟುಕು ಸುರಿದು ಕಾಯುತ್ತ ನಿಂತ. ಆ ಗುಟುಕು ಇರುವುದೇ ಬಾಟಲಿ ಕೆಟ್ಟಿದೆಯಾ ನೋಡಲಿ, ಕೆಟ್ಟಿದ್ದರೆ ವಾಪಸ್ ಕಳಿಸಲಿ ಅಂತ. ನನ್ನ ಮೂಗಿಗೆ ಅದೇ ಮುಗ್ಗಲು ಬಂತು. ನಾನು ತಲೆಯಾಡಿಸಿ "ಲವ್ಲಿ" ಅಂದೆ. ನನಗೆ ಕಾಣಿಸಿದ್ದು ಪಕ್ಕದ ಟೇಬಲ್ಲು. ಬಿಲ್ಲು ಬಂದಾಗ ಅದು ನನ್ನ ನಾಚಿಕೆಯ ಬಿಲ್ಲು ಅಂತ ಗೊತ್ತಿತ್ತು.

"ಹೋಗ್ಲಿ ಬಿಡಿ, ನಂಬ್ಕೊಂಡ್ರೆ ಯಾರಿಗೇನು ನಷ್ಟ? ಬಯೋಡೈನಮಿಕ್ ರೈತರು ಎಂಥ ಒಳ್ಳೆ ವೈನ್ ಮಾಡ್ತಾರೆ ಗೊತ್ತಾ?" ಅಂತ ಕೇಳುವವರಿದ್ದಾರೆ. ಒಪ್ಪಿದೆ, ಮಾಡುತ್ತಾರೆ. ಬರ್ಗಂಡಿಯ ಅತಿ ದುಬಾರಿ ತೋಟಗಳಲ್ಲೇ ಕೆಲವು ಈ ಪದ್ಧತಿಯವು. ರಾಸಾಯನಿಕ ಸುರಿಯದೆ, ದಿನಾ ಬಳ್ಳಿಯ ಹತ್ತಿರ ಹೋಗಿ ಎಲೆ ತಿರುಗಿಸಿ ನೋಡುವ ರೈತ ಯಾವ ಪದ್ಧತಿಯವನಾದರೂ ಒಳ್ಳೆಯ ಹಣ್ಣು ಬೆಳೆಯುತ್ತಾನೆ. ಕೊಂಬಿನ ಸಗಣಿಯ ಬಗ್ಗೆ ನನಗೆ ತಕರಾರಿಲ್ಲ, ಹೊಲ ಅವನದು, ಕೊಂಬೂ ಅವನದು. ನನ್ನ ತಕರಾರು ಬಾಟಲಿ ತೆರೆದ ಮೇಲಿನದು. ನಷ್ಟ ಇದೆ. ಚಂದ್ರನ ಮೇಲೆ ಹಾಕಿದ ದಿನ ಶೋಕೇಸು ಶೋಕೇಸಿನ ಜಾಗದಲ್ಲೇ ಉಳಿಯುತ್ತದೆ. ಕೆಟ್ಟ ಕಾರ್ಕಿನ ಬಾಟಲಿ ಮಾರಿದವನು ಬಚಾವ್. ಮುಂದಿನ ಐದು ಬಾಟಲಿಯೂ ಅದೇ ಬಿಸಿಲಲ್ಲಿ ಬೇಯುತ್ತವೆ. ಮತ್ತು ನಿಜ ಹೇಳಿದ ಒಬ್ಬರೇ ಒಬ್ಬರು ಅಡುಗೆಮನೆಗೆ ವಾಪಸ್ ಹೋಗುತ್ತಾರೆ.

ಹಾಗಂತ 'ಆಫ್ ನೈಟ್' ಅನ್ನುವುದೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಇದೆ, ಆದರೆ ಆಕಾಶದಲ್ಲಿಲ್ಲ. ಕ್ಯಾಲಿಫೋರ್ನಿಯಾದ ವೈನ್ ಸ್ಪರ್ಧೆಯೊಂದರಲ್ಲಿ ರಾಬರ್ಟ್ ಹಾಡ್ಸನ್ ಅನ್ನುವವರು ತೀರ್ಪುಗಾರರಿಗೆ ಗೊತ್ತಾಗದ ಹಾಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಕೊಟ್ಟು ನೋಡಿದರು. ಮೂರೂ ಸಲ ಹತ್ತಿರ ಹತ್ತಿರದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. 2008ರಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದ್ದು, ಒಮ್ಮೆ 90 ಡಾಲರಿನದ್ದು ಅಂತ ಹೇಳಿ ಕುಡಿಸಿದರೆ, ಜನರಿಗೆ 90 ಡಾಲರಿನದ್ದೇ ಹೆಚ್ಚು ರುಚಿಸಿತು. ನಾಲಿಗೆ ಒಂಟಿಯಾಗಿ ಕೆಲಸ ಮಾಡುವುದಿಲ್ಲ ನೋಡಿ. ನೆಗಡಿ, ನಿದ್ದೆ, ಹಸಿವು, ಬೆಲೆ, ಮನಸ್ಸು ಎಲ್ಲ ಅದರ ಜೊತೆಗೇ ಕೂತು ಕುಡಿಯುತ್ತವೆ.

ಆ ರಾತ್ರಿ ನಮ್ಮಲ್ಲೊಬ್ಬ ಮೂರು ಗಂಟೆಯಲ್ಲಿ ಮೂರು ಮಾತೂ ಆಡಿರಲಿಲ್ಲ. ಪ್ರತಿ ವೈನಿಗೂ "ಹೂಂ, ಚೆನ್ನಾಗಿದೆ" ಅಷ್ಟೇ. ಶುಕ್ರವಾರ ಆಫೀಸಿನಲ್ಲಿ ಅವನನ್ನು ಕರೆದು ಕೆಲಸ ಬಿಡಲು ಹೇಳಿದ್ದರು ಅನ್ನುವುದು ನಮಗೆ ಗೊತ್ತಾಗಿದ್ದು ಬುಧವಾರ. ಅವತ್ತಿನ ಕೂಟ ಯಾಕೆ ಸಪ್ಪೆಯಾಗಿತ್ತು ಅನ್ನುವುದಕ್ಕೆ ಅರ್ಧ ಕಾರಣ ಸೋಫಾದ ತುದಿಯಲ್ಲೇ ಕೂತಿತ್ತು. "ಯಾಕೋ, ಏನಾಯ್ತು?" ಅಂತ ಒಬ್ಬ ಕೇಳಿದ್ದರೆ ಸಾಕಿತ್ತು. ನಾವು ಕೇಳಲಿಲ್ಲ. ಚಂದ್ರನ ಉತ್ತರ ಸಿಕ್ಕಿತ್ತಲ್ಲ, ಮತ್ತೆ ಪ್ರಶ್ನೆ ಯಾಕೆ? ಈ ಥರದ ಕ್ಯಾಲೆಂಡರುಗಳು, ಅದು ಅಮ್ಮನದಾಗಲಿ ಆ್ಯಪಿನದಾಗಲಿ, ಮಾಡುವ ದೊಡ್ಡ ಹಾನಿ ಇದೇ ಅಂತ ನನಗನ್ನಿಸುತ್ತದೆ. ನೋಡಬೇಕಾದ ಕಡೆ ನೋಡದ ಹಾಗೆ ಮಾಡುತ್ತವೆ. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ರಾಹುಕಾಲ ನಂಬುವ ಅಮ್ಮ ಗ್ಲಾಸು ಮೂಸಿದಾಗ ರಾಹುವಿನ ಹೆಸರು ಎತ್ತಲಿಲ್ಲ. ಮೂಗಿಗೆ ಬಂದದ್ದನ್ನು ಹೇಳಿದರು. ವಿಜ್ಞಾನ ಓದಿದ ನಾವು ಮೂಗನ್ನು ಬಿಟ್ಟು ಆಕಾಶ ನೋಡಿದೆವು.

ಹಾಗಾಗಿ ನನ್ನ ಮನವಿ ಇಷ್ಟೇ. ವೈನು ಕುಡಿಯುವವರು ಕುಡಿಯಿರಿ, ಬಿಡುವವರು ಬಿಡಿ. ಆದರೆ ಕುಡಿಯುವಾಗ ನಿಮ್ಮ ಬಾಯಲ್ಲಿ ಮೊದಲು ಬಂದ ಪದವನ್ನು ನುಂಗಬೇಡಿ. ನಾವು ನೋಡೇ ಇರದ ಬ್ಲ್ಯಾಕ್ ಕರಂಟು, ಗೂಸ್‌ಬೆರಿಗಳ ಹೆಸರು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಟ್ಯಾನಿನ್ ಅಂದರೆ ಏನು ಅಂತ ವೈನ್ ಕ್ಲಾಸಿನಲ್ಲಿ ಅರ್ಧ ಗಂಟೆ ಹೇಳಿಕೊಡುತ್ತಾರೆ. ಅಡಿಕೆ ಬೇಯಿಸಿದ ಚೊಗರು ನಾಲಿಗೆಗೆ ತಾಗಿಸಿಕೊಂಡವರಿಗೆ, ಬಲಿಯದ ನೇರಳೆ ಕಚ್ಚಿದವರಿಗೆ, ಒಗರು ಅನ್ನುವ ಪದ ಕೊಟ್ಟರೆ ಅರ್ಧ ನಿಮಿಷ ಸಾಕು. ಕಮಟು, ಮುಗ್ಗಲು, ಘಾಟು, ಹಳಸಲು, ಸೊಗಡು: ಇಷ್ಟು ಪದ ಇಟ್ಟುಕೊಂಡ ಭಾಷೆಯ ಮಂದಿ "ಇಂಟರೆಸ್ಟಿಂಗ್" ಅಂತ ತೊದಲುವುದು ನಾಚಿಕೆಗೇಡು.

ಮುಂದಿನ ವಾರ ಗೆಳೆಯನ ಮನೆಗೆ ಹೋದಾಗ ಶೋಕೇಸಿನಲ್ಲಿ ಬಾಟಲಿಗಳ ಜಾಗಕ್ಕೆ ಗಾಜಿನ ಆನೆಗಳು ಬಂದಿದ್ದವು. ಹೊಸದಾಗಿ ತಂದ ಎರಡು ಬಾಟಲಿಗಳು ಬೆಡ್‌ರೂಮಿನ ಕತ್ತಲ ಕಪಾಟಿನಲ್ಲಿ ಮಲಗಿದ್ದವು. ಕೆಲಸ ಹೋದ ಗೆಳೆಯನನ್ನೂ ಕರೆದಿದ್ದೆವು. ಅವತ್ತು ಅವನೇ ಹೆಚ್ಚು ಮಾತಾಡಿದ, ನಾವು ಕೇಳಿದೆವು. ಬಾಟಲಿ ತೆಗೆಯುವ ಮೊದಲು ನಾನು ಅಡುಗೆಮನೆಗೆ ಹೋಗಿ, "ಅಮ್ಮ, ಅವತ್ತು ನಕ್ಕಿದ್ದು ತಪ್ಪಾಯ್ತು. ಇವತ್ತು ಮೊದಲು ನೀವು ಮೂಸಿ ನೋಡಿ ಹೇಳ್ಬೇಕು" ಅಂದೆ.

ಅಮ್ಮ ಕೈ ಒರೆಸಿಕೊಂಡರು. "ಕುಡಿಯೋದಿಲ್ಲ ಮಾರಾಯ. ಮೂಸಕ್ಕೆ ಅಡ್ಡಿಲ್ಲ."

ಆಮೇಲೆ ಗಡಿಯಾರ ನೋಡಿ, "ಆರು ಗಂಟೆ ಕಳೀಲಿ" ಅಂದರು.

ಕಾದೆವು.